‘ಇಂದ’ವೋ, ‘ಮೂಲಕ’ವೋ?

ಎಮ್ಮಿಗನೂರು, ಕಂಪ್ಲಿ ಕಡೆಯವರು ಕಚೇರಿ, ಆಸ್ಪತ್ರೆಗೆಂದು ಹೋಗಿಬರುವ ಬಳ್ಳಾರಿ, ಕನ್ನಡ ಬೈಬಲಿನ ತವರೂರುಗಳಲ್ಲಿ ಒಂದು ಎಂಬುದು ಅನೇಕರಿಗೆ ತಿಳಿಯದು. 1810ರಲ್ಲಿ ಇಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಅನುವಾದಕ್ಕೆ ಕೈಹಾಕಿದರು. 1830ರ ದಶಕದ ಆರಂಭದಲ್ಲಿ ಇಡೀ ಗ್ರಂಥ ಕನ್ನಡದಲ್ಲಿ ಸಿದ್ಧವಾಗಿತ್ತು.

ಇಂಥ ಕೆಲಸದಲ್ಲಿ ಒಂದು ವಿಭಕ್ತಿ ಪ್ರತ್ಯಯವೂ ಧರ್ಮಸಂಕಟ ತರಬಲ್ಲದು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬುದು ತ್ರಯೈಕತ್ವ. ಆದರೆ ಆ ಹೆಸರು ಬೈಬಲಿನಲ್ಲಿ ಎಲ್ಲಿಯೂ ಇಲ್ಲ. 325ರ ನೈಸಿಯ ಸಭೆ, 381ರ ಕಾನ್‌ಸ್ಟಾಂಟಿನೋಪಲ್ ಸಭೆಗಳು ಸಿದ್ಧಾಂತಕ್ಕೆ ರೂಪ ಕೊಟ್ಟವು. ಮಗನನ್ನು ದೇವರೆನ್ನುವ ವಚನವನ್ನು ಒಬ್ಬರು ತೋರಿಸಿದರೆ, ತಂದೆ ನನಗಿಂತ ದೊಡ್ಡವನೆಂದು ಯೇಸುವೇ ಹೇಳುವ ಯೋಹಾನ 14:28ನ್ನು ಇನ್ನೊಬ್ಬರು ತೋರಿಸುತ್ತಿದ್ದರು.

ಹ್ಯಾಂಡ್ಸ್ ಬಳ್ಳಾರಿಯಲ್ಲಿದ್ದ ಕಾಲದಲ್ಲೇ ಈ ಜಗಳ ಕಲ್ಕತ್ತೆಯಲ್ಲಿ ಸ್ಫೋಟಿಸಿತು. ಬ್ಯಾಪ್ಟಿಸ್ಟ್ ಪಾದ್ರಿಗಳಾದ ವಿಲಿಯಂ ಆಡಂ, ವಿಲಿಯಂ ಯೇಟ್ಸ್ ಜೊತೆ ರಾಜಾ ರಾಮಮೋಹನ ರಾಯರು ಸುವಾರ್ತೆಗಳನ್ನು ಬಂಗಾಳಿಗೆ ತರುತ್ತಿದ್ದರು. ಯೋಹಾನ 1:3ರ ‘ದಿಯಾ’ ಎಂಬ ಗ್ರೀಕ್ ಪದದ ಬಳಿ ಕೆಲಸ ನಿಂತಿತು. ಎಲ್ಲವೂ ಅವನಿಂದ ಉಂಟಾಯಿತು ಎನ್ನಬೇಕೋ, ಅವನ ಮೂಲಕ ಎನ್ನಬೇಕೋ? ಮೊದಲನೆಯದರಲ್ಲಿ ಮಗನೇ ಸೃಷ್ಟಿಕರ್ತ; ಎರಡನೆಯದರಲ್ಲಿ ತಂದೆಯ ಕೈಯ ಸಾಧನ. ಯೇಟ್ಸ್ ಹಿಂದೆ ಸರಿದರು. ಆಡಂ 1821ರಲ್ಲಿ ತ್ರಯೈಕತ್ವವನ್ನೇ ತೊರೆದರು. ಜೊತೆಗಾರರು ಅವರನ್ನು ‘ಎರಡನೆಯ ಪತಿತ ಆಡಂ’ ಎಂದು ಜರಿದರು. ಹೆಸರೇ ಹಾಗಿದ್ದುದು ಅವರ ದುರದೃಷ್ಟ!

ರಾಯರು ಗ್ರೀಕ್, ಹೀಬ್ರೂ ಓದಿಕೊಂಡು ಶ್ರೀರಾಮಪುರದ ಜೋಶುವಾ ಮಾರ್ಷ್‌ಮನ್ ಜೊತೆ ವಾದಕ್ಕಿಳಿದರು. ಮೂರನೆಯ ಉತ್ತರವನ್ನು ಬ್ಯಾಪ್ಟಿಸ್ಟ್ ಮುದ್ರಣಾಲಯ ಅಚ್ಚುಹಾಕಲು ಒಪ್ಪದಿದ್ದಾಗ, ಸ್ವಂತ ಅಚ್ಚುಕೂಟ ಹೂಡಿ 1823ರಲ್ಲಿ ಹೊರತಂದರು. ವಾದದಲ್ಲಿ ಸೋಲದವರನ್ನು ಅಚ್ಚಿನ ಮೊಳೆಯಿಂದ ದೂರವಿಡುವ ಈ ಉಪಾಯ ಫಲಿಸಲಿಲ್ಲ.

ಕನ್ನಡದಲ್ಲಿ ಈ ತೊಡಕು ಇನ್ನೂ ಸೂಕ್ಷ್ಮ. ಬಡಗಿಯಿಂದ ಆದ ಬಾಗಿಲು ಎನ್ನುತ್ತೇವೆ, ಉಳಿಯಿಂದ ಕೆತ್ತಿದ ಬಾಗಿಲು ಎಂದೂ ಎನ್ನುತ್ತೇವೆ. ಕರ್ತೃವಿಗೂ ಕರಣಕ್ಕೂ ನಮ್ಮಲ್ಲಿ ‘ಇಂದ’ ಒಂದೇ. ಬಂಗಾಳದಲ್ಲಿ ಸ್ನೇಹ ಮುರಿದ ಪ್ರಶ್ನೆಯನ್ನು ನಮ್ಮ ತೃತೀಯಾ ವಿಭಕ್ತಿ ತೇಲಿಸಿಬಿಡಬಲ್ಲದು.

ತೇಲಿಸಲಾಗದ ಸಾಲೊಂದಿತ್ತು. ತಂದೆ, ವಾಕ್ಯ, ಪವಿತ್ರಾತ್ಮ ಮೂವರೂ ಒಂದೇ ಎಂದು ಸಾರುವ ಮಾತು 1 ಯೋಹಾನ 5:7ರಲ್ಲಿ ಸೇರಿತ್ತು. ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಅದಿಲ್ಲ. ಎರಾಸ್ಮಸ್ ತನ್ನ ಮೊದಲೆರಡು ಮುದ್ರಣಗಳಲ್ಲಿ ಬಿಟ್ಟು, 1522ರಲ್ಲಿ ಸೇರಿಸಿದ. 1611ರ ಇಂಗ್ಲಿಷ್ ಬೈಬಲಿಗೂ ಅದು ಬಂತು. 1881ರ ಪರಿಷ್ಕರಣೆಯಲ್ಲಿ ಹೋಯಿತು. ಈಗ ಹೆಚ್ಚು ಬಳಕೆಯಲ್ಲಿರುವ ಕನ್ನಡ ಸತ್ಯವೇದದಲ್ಲೂ ಆ ಸಾಲಿಲ್ಲ. ಸಭೆಗಳು ಮಾತ್ರ ಸಿದ್ಧಾಂತ ಬಿಟ್ಟಿಲ್ಲ. ಮೂರೂ ಹೆಸರು ಒಟ್ಟಿಗೆ ಬರುವ ಮತ್ತಾಯ 28:19ರಂತೆ ದೀಕ್ಷಾಸ್ನಾನ ನಡೆಯುತ್ತಲೇ ಇದೆ.