ಹಳೆಯ ಮುದ್ರಿತ ಭೂಪಟಗಳಲ್ಲಿ ನಮ್ಮ ಕರಾವಳಿ ಮತ್ತು ಬೆಳಗಾವಿ ನಾಡು

ಯೂರೋಪಿನಲ್ಲಿ ಅಚ್ಚುಕಲೆ ಬೆಳೆದಂತೆ, ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ ಭೂಪಟಗಳೂ ಮುದ್ರಣವಾಗತೊಡಗಿದವು. ಪೋರ್ಚುಗೀಸ್ ಹಾಗೂ ಸ್ಪೇನಿನ ನಾವಿಕರು ಹೊಸದಾಗಿ ತಲುಪಿದ ನಾಡುಗಳು ಅಲ್ಲಿನ ಓದುಗರಿಗೆ ಪರಿಚಯವಾದದ್ದು ಹೆಚ್ಚಾಗಿ ಈ ಪಟಗಳಿಂದಲೇ. ಇವುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯನ್ನು ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಕಡಲಂಚಿನಲ್ಲಿ ಬಂದರುಗಳ ಹೆಸರುಗಳು ಒತ್ತೊತ್ತಾಗಿವೆ. ಘಟ್ಟ ದಾಟಿದೊಡನೆ ಅವು ವಿರಳವಾಗುತ್ತವೆ. ಗೋವೆಗೆ ಇಷ್ಟು ಹತ್ತಿರವಿರುವ ಬೆಳಗಾವಿ-ಖಾನಾಪುರದ ನಾಡು ಬಹುತೇಕ ಪಟಗಳಲ್ಲಿ ಒಂದು ಪರ್ವತಸಾಲು ಮತ್ತು ಒಂದೆರಡು ದೊಡ್ಡ ಅಕ್ಷರದ ಹೆಸರುಗಳಲ್ಲಿ ಮುಗಿದುಹೋಗುತ್ತದೆ. ಹೀಗೇಕಾಯಿತು, ಇದರಿಂದ ಧರ್ಮಸಭೆಯ ಇತಿಹಾಸದಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಸಂಗ್ರಹವಾಗಿ ಕೊಡಲಾಗಿದೆ.

ಟಾಲೆಮಿಯ ಪಟ

ಕ್ರಿ.ಶ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ಬರೆದ ಭೂಗೋಳ ಗ್ರಂಥವು ಪಟಗಳೊಡನೆ ಮೊದಲು ಅಚ್ಚಾದದ್ದು 1477ರಲ್ಲಿ, ಇಟಲಿಯ ಬೊಲೊನ್ಯ ನಗರದಲ್ಲಿ. ಅದರಲ್ಲಿ ಭಾರತ ಪರ್ಯಾಯದ್ವೀಪವೇ ಇಲ್ಲವೆನ್ನುವಷ್ಟು ಚಪ್ಪಟೆ; ತಪ್ರೋಬನೆ, ಅಂದರೆ ಶ್ರೀಲಂಕಾ, ಬೃಹತ್ ದ್ವೀಪ. ಆದರೆ ಟಾಲೆಮಿಯ ಊರುಗಳ ಪಟ್ಟಿಯಲ್ಲಿ ಒಳನಾಡಿನ ಬನವಾಸಿಯ ಹೆಸರಿದೆ. ಅಂದರೆ ಆಕಾರ ತಪ್ಪಾಗಿದ್ದರೂ ಘಟ್ಟದ ಮೇಲಿನ ಊರಿನ ಸುದ್ದಿ ವರ್ತಕರ ಮೂಲಕ ಅಷ್ಟು ದೂರ ತಲುಪಿತ್ತು.

1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಹೊಸ ಮಾಹಿತಿ ಸೇರತೊಡಗಿತು. ಮಾರ್ಟಿನ್ ವಾಲ್ಡ್‌ಸೀಮ್ಯುಲರ್ 1507ರಲ್ಲಿ 12 ಹಾಳೆಗಳಲ್ಲಿ ಮುದ್ರಿಸಿದ ಪ್ರಪಂಚ ಪಟದಲ್ಲಿ 'ಅಮೆರಿಕ' ಎಂಬ ಹೆಸರು ಮೊದಲ ಬಾರಿಗೆ ಕಾಣಿಸಿಕೊಂಡಿತು. ಇದರ ಉಳಿದಿರುವ ಏಕೈಕ ಪ್ರತಿಯನ್ನು 1901ರಲ್ಲಿ ಜರ್ಮನಿಯ ವೊಲ್ಫೆಗ್ ಕೋಟೆಯಲ್ಲಿ ಪತ್ತೆ ಹಚ್ಚಿದವರು ಯೇಸು ಸಭೆಯ ಗುರು ವಂದನೀಯ ಜೋಸೆಫ್ ಫಿಶರ್. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2003ರಲ್ಲಿ ಅದನ್ನು ಒಂದು ಕೋಟಿ ಡಾಲರಿಗೆ ಕೊಂಡುಕೊಂಡಿತು.

ಹಡಗಿನಿಂದ ಕಂಡ ನಾಡು

1554ರಲ್ಲಿ ವೆನಿಸಿನ ರಾಮೂಸಿಯೊ ತನ್ನ ಪ್ರವಾಸ ಸಂಗ್ರಹಕ್ಕೆ ಜಾಕೊಮೊ ಗಸ್ತಾಲ್ದಿಯ ಪಟಗಳನ್ನು ಸೇರಿಸಿದನು. ಇವು ಮರದ ಅಚ್ಚಿನವು. ಭಾರತದ ಪಟದಲ್ಲಿ ದಕ್ಷಿಣ ದಿಕ್ಕೇ ಮೇಲಿದೆ. ಅದೇ ಸಂಗ್ರಹದಲ್ಲಿ ದುವಾರ್ತೆ ಬಾರ್ಬೋಸನ ವೃತ್ತಾಂತವೂ ಅಚ್ಚಾಗಿತ್ತು. ಕಣ್ಣಾನೂರಿನಲ್ಲಿ ಗುಮಾಸ್ತನಾಗಿದ್ದ ಇವನು ಭಟ್ಕಳದ ಅಕ್ಕಿ, ಸಕ್ಕರೆ, ಕಬ್ಬಿಣದ ವ್ಯಾಪಾರವನ್ನೂ ಬಾರ್ಕೂರು, ಬಸ್ರೂರು, ಮಂಗಳೂರುಗಳನ್ನೂ ವಿವರಿಸಿದ್ದಾನೆ. 1570ರಲ್ಲಿ ಆಂಟ್ವರ್ಪಿನಲ್ಲಿ ಅಬ್ರಹಾಂ ಓರ್ಟೆಲಿಯಸ್ 53 ಪಟಗಳ ಅಟ್ಲಾಸ್ ಹೊರತಂದನು. ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದ್ದು ಅದಕ್ಕೆ ಎರಡೇ ವರ್ಷ ಮೊದಲು, 1568ರಲ್ಲಿ.

ಈ ಪಟಗಳಿಗೆ ಮಾಹಿತಿ ಕೊಟ್ಟವರು ನಾವಿಕರು. ಸೂರ್ಯ ಅಥವಾ ಧ್ರುವನಕ್ಷತ್ರದ ಎತ್ತರ ಅಳೆದು ಅಕ್ಷಾಂಶ ತಿಳಿಯುವುದು ಅವರಿಗೆ ಗೊತ್ತಿತ್ತು. ಆದ್ದರಿಂದ ಕರಾವಳಿಯ ಉತ್ತರ-ದಕ್ಷಿಣದ ಅಳತೆ ಬಹುಮಟ್ಟಿಗೆ ಸರಿ. ರೇಖಾಂಶ ತಿಳಿಯುವ ನಂಬಲರ್ಹ ಉಪಾಯ ಹದಿನೆಂಟನೆಯ ಶತಮಾನದವರೆಗೆ ಇರಲಿಲ್ಲ. ಹೀಗಾಗಿ ಪೂರ್ವ-ಪಶ್ಚಿಮದ ಅಳತೆ ಅಂದಾಜಿನದು. ಒಳನಾಡು ಕೇಳಿದ ಮಾತಿನದು.

ಖಾನಾಪುರ ತಾಲ್ಲೂಕು ಇದಕ್ಕೆ ಒಳ್ಳೆಯ ಉದಾಹರಣೆ. ಗೋವೆಯ ಮಾಂಡೋವಿ ನದಿಯ ಅಳಿವೆ ಪೋರ್ಚುಗೀಸರಿಗೆ ಅಂಗೈಯಷ್ಟು ಪರಿಚಿತ. ಆ ನದಿಯೇ ನಮ್ಮ ಮಹದಾಯಿ. ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತದೆ. ಒಂದೇ ತಾಲ್ಲೂಕಿನ ನೀರು ಎರಡು ಕಡಲಿಗೆ ಹೋಗುತ್ತದೆಂಬುದು ಅಳಿವೆಯಲ್ಲಿ ಲಂಗರು ಹಾಕಿದವನಿಗೆ ಕಾಣುವಂಥದ್ದಲ್ಲ.

ಆರ್ಚ್‌ಬಿಷಪ್ಪರ ಗುಮಾಸ್ತ

ಡಚ್ಚನಾದ ಯಾನ್ ಹೌಖೆನ್ ಫಾನ್ ಲಿನ್ಸ್‌ಖೋಟೆನ್ 1583ರಲ್ಲಿ ಗೋವೆಯ ಆರ್ಚ್‌ಬಿಷಪ್ ವಿಸೆಂತೆ ದ ಫೊನ್ಸೆಕರ ಗುಮಾಸ್ತನಾಗಿ ಬಂದು, ಅವರು 1587ರಲ್ಲಿ ತೀರಿಕೊಂಡ ಬಳಿಕ ಸ್ವದೇಶಕ್ಕೆ ಮರಳಿದನು. 1596ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅವನ ಪುಸ್ತಕವು ತಾಮ್ರದ ತಗಡಿನಲ್ಲಿ ಕೊರೆದ ಪಟಗಳೊಡನೆ ಪ್ರಕಟವಾಯಿತು. ಪೋರ್ಚುಗೀಸರು ಕಾಪಾಡಿಕೊಂಡಿದ್ದ ಸಮುದ್ರ ಮಾರ್ಗದ ವಿವರಗಳು ಇದರಿಂದ ಬಹಿರಂಗವಾದವು. 1598ರಲ್ಲಿ ಇಂಗ್ಲಿಷ್ ಅನುವಾದ ಬಂತು. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು.

ಘಟ್ಟದ ಮೇಲಿನ ಸಮತಟ್ಟಾದ ನಾಡನ್ನು ಲಿನ್ಸ್‌ಖೋಟೆನ್ 'ಬಾಲಘಾಟ್' ಎಂದು ಕರೆದು, ಅಲ್ಲಿಂದ ಗೋವೆಗೆ ಸರಕು ಇಳಿಯುತ್ತದೆ ಎಂದು ಬರೆದಿದ್ದಾನೆ. ಬೆಳಗಾವಿ ಇರುವುದು ಆ ನಾಡಿನಲ್ಲೇ. ರವಿವಾರ ಪೇಟೆಯ ಸಗಟು ಅಂಗಡಿಗಳನ್ನೂ ಗೋವೆಗೆ ಹೊರಡುವ ತರಕಾರಿ ಲಾರಿಗಳನ್ನೂ ಕಂಡವರಿಗೆ ಈ ಮಾತು ಹೊಸದೆನಿಸದು. ಸರಕು ಇಳಿಯುತ್ತಿತ್ತು, ಆದರೆ ಅದನ್ನು ಕಳುಹಿಸಿದ ಪೇಟೆಗಳ ಹೆಸರು ಪಟಕ್ಕೆ ಏರಲಿಲ್ಲ.

ಹೆಸರುಗಳ ಗೊಂದಲ

ಹೊನ್ನಾವರ 'ಓನೋರ್', ಭಟ್ಕಳ 'ಬಟೆಕಾಲ', ಬಸ್ರೂರು 'ಬಾರ್ಸೆಲೋರ್' ಎಂದಾದವು. ವಿಜಯನಗರದ ರಾಜ್ಯಕ್ಕೆ 'ನರಸಿಂಗ' ಎಂಬ ಹೆಸರು ಬಿತ್ತು. ಇದು ಅರಸ ಸಾಳುವ ನರಸಿಂಹನ ಹೆಸರು. ಪೋರ್ಚುಗೀಸರು ಗೋವೆಯ ಕೊಂಕಣಿಗರನ್ನೂ 'ಕನಾರಿಂ' ಎಂದೇ ಕರೆದರು. ಯೇಸು ಸಭೆಯ ಗುರು ಥಾಮಸ್ ಸ್ಟೀಫನ್ಸರು ರಚಿಸಿದ, 1640ರಲ್ಲಿ ರಾಚೋಲಿನಲ್ಲಿ ಅಚ್ಚಾದ ಕೊಂಕಣಿ ವ್ಯಾಕರಣಕ್ಕೂ 'ಕನಾರಿಂ ಭಾಷೆಯ ವ್ಯಾಕರಣ' ಎಂಬ ಅರ್ಥದ ಹೆಸರೇ ಇದೆ. ಕನ್ನಡ, ಕೊಂಕಣಿ, ಮರಾಠಿ ಮೂರೂ ಆಡುವ ಬೆಳಗಾವಿಯ ನಾಡಿನಲ್ಲಿ, ಹಳೆಯ ದಾಖಲೆಯ ಇಂಥ ಒಂದು ಪದವನ್ನು ಹಿಡಿದು ಜನರ ಮೂಲವನ್ನು ತೀರ್ಮಾನಿಸುವುದು ತರವಲ್ಲ.

ಗೆರೆಗಳು ಮತ್ತು ಧರ್ಮಸಭೆ

1494ರ ತೊರ್ದೆಸಿಲ್ಲಾಸ್ ಒಪ್ಪಂದದಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳು ಇನ್ನೂ ಕಾಣದ ನಾಡುಗಳನ್ನು ಒಂದು ಗೆರೆಯಿಂದ ಹಂಚಿಕೊಂಡವು. ಗಾಮ ಭಾರತಕ್ಕೆ ಬರಲು ಇನ್ನೂ ನಾಲ್ಕು ವರ್ಷವಿತ್ತು! 1534ರ ಪೋಪ್ ಆಜ್ಞಾಪತ್ರದಂತೆ ಗೋವೆ ಧರ್ಮಪ್ರಾಂತದ ವ್ಯಾಪ್ತಿ ಗುಡ್ ಹೋಪ್ ಭೂಶಿರದಿಂದ ಚೀನಾವರೆಗೆ ಹರಡಿತು. ಬಿಷಪ್ಪರನ್ನು ಸೂಚಿಸುವ ಹಕ್ಕು ಪೋರ್ಚುಗಲ್ ದೊರೆಯದು, ಇದೇ ಪದ್ರುವಾದೊ.

ಆ ಗೆರೆಯೊಳಗಿನ ನಾಡೆಲ್ಲವೂ ಪೋರ್ಚುಗೀಸರ ಕೈಯಲ್ಲಿರಲಿಲ್ಲ. ಬೆಳಗಾವಿಯು ಬಿಜಾಪುರದ ಆದಿಲ್‌ಶಾಹಿಗೆ ಸೇರಿತ್ತು. ಇಂಥ ನಾಡುಗಳಿಗಾಗಿ ರೋಮ್ ತಾನೇ ಪ್ರತಿನಿಧಿಗಳನ್ನು ನೇಮಿಸತೊಡಗಿತು. 1637ರಲ್ಲಿ ಗೋವೆಯ ದಿವಾಡಿ ದ್ವೀಪದವರಾದ ಮಾತೆವುಸ್ ದ ಕಾಸ್ತ್ರೊ 'ಇದಾಲ್ಕಾನ್' ರಾಜ್ಯದ ಅಪೋಸ್ತಲಿಕ ವಿಕಾರರಾದರು. ಇದಾಲ್ಕಾನ್ ಎಂದರೆ ಪೋರ್ಚುಗೀಸರ ಬಾಯಲ್ಲಿ ಆದಿಲ್ ಖಾನ್. ಆಗ ಬಿಜಾಪುರದ ಆಳ್ವಿಕೆಯಲ್ಲಿದ್ದ ಡಿಚೋಲಿಯಲ್ಲಿ ಅವರು ನೆಲೆಸಿದರು. ಗೋವೆಯ ಅಧಿಕಾರಿಗಳು ಅವರನ್ನು ಒಪ್ಪಲಿಲ್ಲ. ಕಾಗದದ ಮೇಲಿನ ಗೆರೆಗೂ ನೆಲದ ಮೇಲಿನ ಸ್ಥಿತಿಗೂ ಇದ್ದ ಅಂತರದ ನೋವನ್ನು ಈ ಭಾರತೀಯ ಬಿಷಪ್ ಜೀವನವಿಡೀ ಅನುಭವಿಸಿದರು. ಬೆಳಗಾವಿ ತನ್ನದೇ ಹೆಸರಿನ ಧರ್ಮಪ್ರಾಂತವಾದದ್ದು 1953ರಲ್ಲಿ. ಅದರಿಂದ ಕಾರವಾರ ಬೇರೆಯಾದದ್ದು 1976ರಲ್ಲಿ.

ಅಳತೆ ಸರಿಯಾದದ್ದು

ಒಳನಾಡಿನ ಅಳತೆ ಸರಿಯಾಗಲು ನೆಲದ ಮೇಲೆ ನಡೆದು ಅಳೆಯಬೇಕಾಯಿತು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ತ್ರಿಕೋನ ಮಾಪನ ಮಂಗಳೂರು ಮುಟ್ಟಿದಾಗ, ಎರಡು ಕರಾವಳಿಗಳ ನಡುವಿನ ಅಂತರ ಅದುವರೆಗಿನ ಪಟಗಳಲ್ಲಿದ್ದುದಕ್ಕಿಂತ ಸುಮಾರು 40 ಮೈಲು ಕಡಿಮೆ ಎಂದು ತಿಳಿದುಬಂತು.

ಆದ್ದರಿಂದ ಹಳೆಯ ಪಟವೊಂದನ್ನು ಕಂಡಾಗ ಅಚ್ಚಾದ ವರ್ಷವನ್ನಷ್ಟೇ ನೋಡಿದರೆ ಸಾಲದು. ಮಾಹಿತಿ ಕೊಟ್ಟವರು ಯಾರು, ಅವರು ನಿಂತು ನೋಡಿದ್ದು ಎಲ್ಲಿಂದ ಎಂದು ಕೇಳಬೇಕು. ಊರಿನ ಅಥವಾ ಚರ್ಚಿನ ಚರಿತ್ರೆ ಬರೆಯುವವರು ಇದನ್ನು ವಿಶೇಷವಾಗಿ ಗಮನಿಸುವುದು ಒಳ್ಳೆಯದು. ಪಟದಲ್ಲಿ ಹೆಸರಿಲ್ಲದ ಊರಿನಲ್ಲೂ ಜನರಿದ್ದರು, ಸಂತೆಯಿತ್ತು, ಪ್ರಾರ್ಥನೆಯಿತ್ತು. ಖಾಲಿ ಜಾಗ ಇದ್ದದ್ದು ನೆಲದ ಮೇಲಲ್ಲ, ಪಟ ಬರೆದವನ ತಿಳಿವಳಿಕೆಯಲ್ಲಿ.