ಸ್ವರ್ಣೆಯ ತಡಿಯ ವನಭೋಜನ

ಕಾರ್ತಿಕ ಮಾಸವು ಕಾಲಿಡುತ್ತಲೇ ತುಳುನಾಡಿನ ಹೊಳೆಗಳ ಸ್ವರೂಪವು ಬದಲಾಗುವುದು. ನಾಲ್ಕು ತಿಂಗಳು ಕೆಂಪು ನೀರನ್ನು ಹೊತ್ತು ದಡಮೀರಿ ಹರಿದ ಸ್ವರ್ಣೆಯೂ ಸೀತೆಯೂ ತಿಳಿಯಾಗಿ, ನಡುವೆ ಮಳಲ ದಿಣ್ಣೆಗಳು ತಲೆಯೆತ್ತುವುವು. ಕಾಡಿನಲ್ಲಿ ಇಂಬಳದ ಕಾಟವು ತಗ್ಗುವುದು. ನೆಲ್ಲಿಯ ಮರದಲ್ಲಿ ಕಾಯಿ ತುಂಬುವುದು. ಶಾಸ್ತ್ರಕಾರರು ವನಭೋಜನವನ್ನು ಈ ಮಾಸಕ್ಕೇ ವಿಧಿಸಿದುದರಲ್ಲಿ ಎಷ್ಟು ಋತುಜ್ಞಾನವಿದ್ದಿತೆಂಬುದನ್ನು ಕರಾವಳಿಯ ವಾಚಕರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ನೆಲ್ಲಿಗೆ ಸಂಸ್ಕೃತದಲ್ಲಿ ಧಾತ್ರಿಯೆಂದು ಹೆಸರು. ಧಾತ್ರಿಯೆಂದರೆ ಮಕ್ಕಳನ್ನು ಸಾಕುವ ದಾದಿಯೂ ಹೌದು. ಮಕ್ಕಳೊಡನೆ ಆ ಮರದಡಿಯಲ್ಲಿ ಕುಳಿತು ಉಣ್ಣುವ ಪದ್ಧತಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯಲಾರದು.

ಮನೆಯನ್ನು ಬಿಟ್ಟು ವನಕ್ಕೆ ಹೋಗಿ ದಿನಕಳೆಯುವ ವಿನೋದವು ನಮ್ಮ ದೇಶದಲ್ಲಿ ಪುರಾತನವಾದುದು. ವಾತ್ಸ್ಯಾಯನನು ನಾಗರಿಕನ ವಿಹಾರಗಳಲ್ಲಿ ಉದ್ಯಾನಗಮನವನ್ನು ಎಣಿಸಿ, ಪೂರ್ವಾಹ್ಣದಲ್ಲಿ ಹೊರಟು ಸಂಜೆಗೆ ಮರಳಬೇಕೆಂದು ಹೇಳಿರುವನು. ದಂಡಿಯು ಮಹಾಕಾವ್ಯಕ್ಕೆ ಬೇಕಾದ ವರ್ಣನೆಗಳಲ್ಲಿ ಉದ್ಯಾನಕ್ರೀಡೆ, ಸಲಿಲಕ್ರೀಡೆಗಳನ್ನು ಸೇರಿಸಿದನು. ಕನ್ನಡದ ಕವಿಗಳೂ ಅದನ್ನು ಶಿರಸಾವಹಿಸಿ ವನಕೇಳಿ ಜಲಕೇಳಿಗಳನ್ನು ಹಾಡಿದರು. ಆದರೆ ಈ ವಿಹಾರಗಳೆಲ್ಲ ರಾಜರಿಗೂ ರಸಿಕರಿಗೂ ಮೀಸಲಾದುವು. ಅಲ್ಲಿ ಮಕ್ಕಳ ಸದ್ದು ಕೇಳಿಬರುವುದಿಲ್ಲ. ಮಕ್ಕಳ ಕೈಗೆ ಬುತ್ತಿಯನ್ನು ಕೊಟ್ಟು ಹೊಳೆಯ ದಂಡೆಗೆ ಕಳುಹಿಸಿದವನು ಭಾಗವತಕಾರನು. ದಶಮಸ್ಕಂಧದಲ್ಲಿ ಕೃಷ್ಣನು ಗೋಪಬಾಲರೊಡನೆ ಯಮುನೆಯ ಪುಲಿನದಲ್ಲಿ ಕುಳಿತು ಮೊಸರನ್ನವನ್ನು ಹಂಚಿಕೊಂಡುಣ್ಣುವ ಪ್ರಸಂಗವೇ ನಮ್ಮವರ ವನಭೋಜನದ ನಿಜವಾದ ಮಾದರಿ.

ಉಡುಪಿಯ ಸೀಮೆಗೆ ಸೇರಿದ ಇನ್ನೊಂದು ಬಾಲವೃತ್ತಾಂತವು ಸುಮಧ್ವವಿಜಯದಲ್ಲಿದೆ. ಪಾಜಕದ ಮಧ್ಯಗೇಹ ಭಟ್ಟರ ಎಳೆಯ ಮಗ ವಾಸುದೇವನು ತಾಯಿತಂದೆಗಳೊಡನೆ ಬಂಧುಗಳ ಉತ್ಸವವೊಂದಕ್ಕೆ ಹೋಗಿದ್ದನು. ಗದ್ದಲದಲ್ಲಿ ಯಾರಿಗೂ ಹೇಳದೆ ಹೊರಟು, ಕಾಡುದಾರಿಯಲ್ಲಿ ಒಬ್ಬನೇ ನಡೆದು, ದಾರಿಯ ದೇವಾಲಯಗಳಲ್ಲಿ ನಮಸ್ಕರಿಸುತ್ತ ಉಡುಪಿಯ ಅನಂತೇಶ್ವರನ ಸನ್ನಿಧಿಯನ್ನು ಸೇರಿದನು. ಮಗುವನ್ನು ಕಾಣದ ತಂದೆಯು ದಾರಿಹೋಕರನ್ನು ವಿಚಾರಿಸುತ್ತ ಬೆನ್ನಟ್ಟಿ ಬಂದನು. ಆ ಬಾಲಕನೇ ಮುಂದೆ ಮಧ್ವಾಚಾರ್ಯರಾದುದರಿಂದ ಕವಿ ನಾರಾಯಣ ಪಂಡಿತಾಚಾರ್ಯನಿಗೆ ಇದು ಮಹಿಮೆಯ ಕಥೆ. ಮಗುವಿನ ಕೈಯನ್ನು ಒಂದು ಕ್ಷಣ ಬಿಟ್ಟು ಕಂಗೆಟ್ಟ ತಂದೆತಾಯಿಗಳಿಗೆ ಅದು ಬೇರೊಂದು ಬಗೆಯಾಗಿ ತೋರಿದರೆ ಆಶ್ಚರ್ಯವಿಲ್ಲ.

ಕಾರ್ಕಳದ ಪೂರ್ವಕ್ಕೆ, ಮಾಳದ ಕಡೆಯ ಘಟ್ಟದಲ್ಲಿ ಹುಟ್ಟಿದ ಸ್ವರ್ಣೆಯು ಹಿರಿಯಡಕದ ಪಕ್ಕದಿಂದ ಹಾದು ಮಣಿಪಾಲದ ಗುಡ್ಡದ ಕೆಳಗೆ ಹರಿಯುವುದು. ಸೀತೆಯು ಆಗುಂಬೆಯ ಕಡೆಯಿಂದ ಇಳಿದು, ಹೆಬ್ರಿಯ ಕಾಡನ್ನು ದಾಟಿ ಬಾರಕೂರಿನ ಮಗ್ಗುಲಿಗೆ ಬರುವುದು. ಸೇತುವೆಗಳಿಲ್ಲದ ಕಾಲದಲ್ಲಿ ಈ ಹೊಳೆಗಳ ಕಡವುಗಳೇ ಕುಟುಂಬಗಳ ವಿಹಾರಸ್ಥಾನಗಳು. ಎತ್ತಿನ ಗಾಡಿಯಲ್ಲಿ ಪಾತ್ರೆಗಳು, ಹಲಸಿನೆಲೆಯ ಕೊಟ್ಟೆಕಡುಬು, ಮೊಸರವಲಕ್ಕಿ, ಮಾವಿನ ಮಿಡಿಯ ಭರಣಿ. ಹಿಂದೆ ನಡೆದು ಬರುವ ಹಿರಿಯರು. ಮುಂದೆ ಓಡುವ ಮಕ್ಕಳು. ಬಿದ್ದ ಅಡಿಕೆಯ ಹಾಳೆಯ ಮೇಲೆ ಒಬ್ಬನನ್ನು ಕುಳ್ಳಿರಿಸಿ ಇನ್ನೊಬ್ಬನು ಎಳೆಯುವನು. ನೆಲ್ಲಿಕಾಯಿಯನ್ನು ಕಚ್ಚಿ ಹುಳಿಗೆ ಮುಖಕಿವುಚಿ, ಮೇಲೆ ನೀರು ಕುಡಿದು, ಅದು ಸಿಹಿಯಾದುದನ್ನು ಕಂಡು ಬೆರಗಾಗುವುದು ಪ್ರತಿಯೊಂದು ತಲೆಮಾರಿನ ಮಕ್ಕಳಿಗೂ ಹೊಸತೇ. ಸ್ತ್ರೀಯರಿಗೆ ಮಾತ್ರ ಒಲೆಯು ಕಾಡಿಗೂ ಹಿಂಬಾಲಿಸಿ ಬಂದಿತು ಎನ್ನಬೇಕು. ಆ ಪಂಕ್ತಿಯಲ್ಲಿ ಎಲ್ಲ ಜಾತಿಯವರಿಗೂ ಎಲೆಯಿರಲಿಲ್ಲವೆಂಬುದನ್ನೂ ಮುಚ್ಚಿಡಲಾಗದು. ದೋಣಿ ನಡೆಸಿ ದಾಟಿಸಿದವನು ಹೆಚ್ಚಾಗಿ ದೂರದಲ್ಲಿ ಕುಳಿತು ಉಣ್ಣಬೇಕಾಗಿತ್ತು.

ವನವೆಂದರೆ ಎಲ್ಲವೂ ಒಂದೇ ಅಲ್ಲ. ತುಳುನಾಡಿನಲ್ಲಿ ನಾಗಬನವೆಂಬುದು ಬೇರೆ. ಅಲ್ಲಿ ಅಡಿಗೆಯಿಲ್ಲ, ಆಟವಿಲ್ಲ. ಎಲೆಯನ್ನು ಕೀಳಲೂ ಹೆದರುವರು. ಉಣ್ಣಬಹುದಾದ ಕಾಡು ಯಾವುದು, ಕೈಮುಗಿದು ಹಾದುಹೋಗಬೇಕಾದ ಬನ ಯಾವುದು ಎಂಬ ವಿವೇಕವನ್ನು ಮಕ್ಕಳು ಇಂತಹ ದಿನಗಳಲ್ಲಿಯೇ ಕಲಿಯುತ್ತಿದ್ದರು. 1882ರ ಮದ್ರಾಸು ಅರಣ್ಯ ಶಾಸನವು ಮೂರನೆಯದೊಂದು ಬಗೆಯನ್ನು ತಂದಿತು: ಸರಕಾರದ ಕಾಯ್ದಿಟ್ಟ ಕಾಡು. ಸೀತಾನದಿಯು ಹರಿಯುವ ಸೋಮೇಶ್ವರದ ಅರಣ್ಯವು 1974ರಲ್ಲಿ ವನ್ಯಜೀವಿಗಳ ಧಾಮವಾಯಿತು. ಅಲ್ಲಿ ಮನಬಂದಂತೆ ಒಲೆಹೂಡುವಂತಿಲ್ಲ. ಅದು ಯುಕ್ತವೂ ಹೌದು.

ಈಗಿನ ಕುಟುಂಬಗಳು ಬೇರೆ ಕಡೆಗಳಿಗೆ ಹೋಗುವರು. ಕಾರ್ಕಳದಲ್ಲಿ 1432ರ ಗೊಮ್ಮಟನನ್ನು ನೋಡಿ ಆನೆಕೆರೆಯ ದಡಕ್ಕೆ ಇಳಿಯುವರು. ಕಾಪುವಿನಲ್ಲಿ 1901ರ ದೀಪಸ್ತಂಭದ ಬಂಡೆಯ ಬುಡದಲ್ಲಿ ಮಕ್ಕಳು ಅಲೆಗಳನ್ನು ಎಣಿಸುವರು. ಮಣಿಪಾಲದಲ್ಲಿ ಮಣ್ಣಪಳ್ಳದ ಸುತ್ತಲೂ ನಡೆಯುವರು. ಪಳ್ಳವೆಂದರೆ ತುಳುವಿನಲ್ಲಿ ಕೆರೆ. ವಿದ್ಯಾಲಯಗಳಿಂದ ಪ್ರಖ್ಯಾತವಾದ ಊರಿಗೆ ಹೆಸರು ಬಂದುದು ಈ ಮಣ್ಣಿನ ಕೆರೆಯಿಂದ ಎಂಬುದನ್ನು ಅಲ್ಲಿ ಆಡುವ ಮಕ್ಕಳಿಗೆ ಯಾರಾದರೂ ಹೇಳಿದರೆ ಒಳ್ಳೆಯದು.

ಹೊಳೆಗೆ ಮಾತ್ರ ಹೋಗುವವರು ಕಡಿಮೆಯಾಗಿರುವರು. ಇದಕ್ಕೆ ಜನರ ಔದಾಸೀನ್ಯವೊಂದೇ ಕಾರಣವೆನ್ನುವುದು ಸರಿಯಲ್ಲ. ಹಿಂದೆ ಮೊಣಕಾಲುದ್ದದ ನೀರಿನಲ್ಲಿ ನಡೆದು ಸೇರುತ್ತಿದ್ದ ಮಳಲ ದಿಣ್ಣೆಗಳು ಅನೇಕ ಕಡೆ ಮಾಯವಾಗಿವೆ. ಮರಳನ್ನು ತೆಗೆದ ಸ್ಥಳದಲ್ಲಿ ಹೊಂಡಗಳು ಉಳಿದಿವೆ; ಮೇಲೆ ನೀರು ಸಮವಾಗಿ ತೋರುವುದರಿಂದ ಆಳವು ತಿಳಿಯುವುದಿಲ್ಲ. ಈಜು ಬಲ್ಲವರೂ ಅಲ್ಲಿ ಮೋಸಹೋಗುವರು, ಮಕ್ಕಳ ಮಾತೇನು? ಹಳಬರಿಗೆ ಹೊಳೆಯ ಪ್ರತಿಯೊಂದು ಗುಂಡಿಯ ಗುರುತಿದ್ದಿತು, ಏಕೆಂದರೆ ಅದು ವರ್ಷದಿಂದ ವರ್ಷಕ್ಕೆ ಇದ್ದಲ್ಲಿಯೇ ಇರುತ್ತಿತ್ತು. ತೆಗೆದ ಮರಳು ಅದೇ ಕುಟುಂಬಗಳ ಹೊಸ ಮನೆಗಳ ಗೋಡೆಯನ್ನು ಸೇರಿದೆ ಎಂಬುದು ಈ ಇತಿಹಾಸದ ಕಹಿಯಾದ ಭಾಗ. ಉಡುಪಿಯ ಪೇಟೆಗೆ ಕುಡಿಯುವ ನೀರು ಬರುವುದು ಸ್ವರ್ಣೆಯ ಬಜೆಯ ಕಟ್ಟೆಯಿಂದ. 2019ರ ಬೇಸಗೆಯಲ್ಲಿ ಅದು ಬತ್ತಿದಾಗ ಪೇಟೆಯವರೆಲ್ಲರೂ ಹೊಳೆಯ ಮಾತನ್ನಾಡಿದರು. ಮಳೆ ಬಂದ ಮೇಲೆ ಮಾತು ನಿಂತಿತು.

ಉತ್ಥಾನದ್ವಾದಶಿಯಂದು ತುಳಸಿಯ ಕಟ್ಟೆಯಲ್ಲಿ ಕಾಯಿಗಳುಳ್ಳ ನೆಲ್ಲಿಯ ಕೊಂಬೆಯನ್ನು ನೆಟ್ಟು ಪೂಜಿಸುವ ಪದ್ಧತಿಯು ಇನ್ನೂ ಮನೆಮನೆಗಳಲ್ಲಿ ಉಳಿದಿದೆ. ಹಿಂದೆ ಆ ಕೊಂಬೆಯನ್ನು ತರಲು ಮನೆಯ ಹುಡುಗರು ಬೆಳಗಿನಲ್ಲಿಯೇ ಗುಡ್ಡಕ್ಕೆ ಹೋಗುತ್ತಿದ್ದರು. ಈಗ ಅದು ಪೇಟೆಯಲ್ಲಿ ಹೂವಿನೊಡನೆ ಮಾರಾಟಕ್ಕೆ ಬರುವುದು. ಯಾವ ಗುಡ್ಡದ ಮರದಿಂದ ಬಂದುದೆಂದು ಮಾರುವವಳನ್ನು ಕೇಳುವವರು ವಿರಳ.