ಕ್ಷಮೆ ಮತ್ತು ಹೊಣೆ: ಪೋಪ್ ಎರಡನೆಯ ಜಾನ್ ಪಾಲ್

ರಾಯಚೂರು, ದೇವದುರ್ಗ, ಮಾನ್ವಿಗಳು ಕ್ಯಾಥೊಲಿಕ್ ಸಭೆಯ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿವೆ. ಆ ಸಭೆಯ ಸರ್ವೋಚ್ಚ ಗುರುವಾಗಿದ್ದ ಪೋಪ್ ಎರಡನೆಯ ಜಾನ್ ಪಾಲ್ 1986ರ ಫೆಬ್ರವರಿ 6ರಂದು ಮಂಗಳೂರಿಗೆ ಆಗಮಿಸಿದ್ದರು. ಅದೇ ವರ್ಷದ ಅಕ್ಟೋಬರ್ 27ರಂದು ಇಟಲಿಯ ಅಸಿಸಿಯಲ್ಲಿ ಅವರು ಏರ್ಪಡಿಸಿದ ಸರ್ವಧರ್ಮಗಳ ಶಾಂತಿಪ್ರಾರ್ಥನೆಯಲ್ಲಿ ಜೈನರೂ ಪಾಲ್ಗೊಂಡರು.

1920ರಲ್ಲಿ ಪೋಲೆಂಡಿನಲ್ಲಿ ಜನಿಸಿದ ಅವರು ಹಿಟ್ಲರನ ಆಕ್ರಮಣಕಾಲದಲ್ಲಿ ಕಲ್ಲುಗಣಿಯಲ್ಲಿ ದುಡಿದರು. 1978ರಲ್ಲಿ ಪೋಪ್ ಪದವಿಗೇರಿದರು. 1981ರ ಮೇ 13ರಂದು ಮೆಹ್ಮೆತ್ ಅಲಿ ಆಜಾ ಎಂಬವನು ಅವರ ಮೇಲೆ ಗುಂಡು ಹಾರಿಸಿದನು. ಅವನನ್ನು ಕ್ಷಮಿಸಿದ ಪೋಪರು 1983ರಲ್ಲಿ ಸೆರೆಮನೆಗೇ ತೆರಳಿ ಅವನೊಡನೆ ಮಾತನಾಡಿದರು. ಆದರೂ ಅವನು 2000ದವರೆಗೆ ಇಟಲಿಯ ಸೆರೆಯಲ್ಲೇ ಉಳಿದನು. ಕ್ಷಮೆಯಿಂದ ವೈರ ಅಳಿಯುತ್ತದೆಯೇ ಹೊರತು ಹೊಣೆ ಅಳಿಯುವುದಿಲ್ಲ.

2000ದ ಮಾರ್ಚ್ 12ರಂದು ತಮ್ಮ ಸಭೆಯವರು ಶತಮಾನಗಳಿಂದ ಎಸಗಿದ ತಪ್ಪುಗಳಿಗಾಗಿ ಅವರು ದೇವರಲ್ಲಿ ಕ್ಷಮೆ ಯಾಚಿಸಿದರು. ಆದರೆ ಅದೇ ವರ್ಷ, ದುರ್ನಡತೆಯ ಎಚ್ಚರಿಕೆಗಳು ಬಂದಿದ್ದರೂ, ಮೆಕ್ಯಾರಿಕ್ ಎಂಬ ಧರ್ಮಾಧಿಕಾರಿಯ ನಿರಾಕರಣೆಯನ್ನು ನಂಬಿ ಅವರನ್ನು ವಾಷಿಂಗ್ಟನ್ನಿನ ಉನ್ನತ ಪೀಠಕ್ಕೆ ನೇಮಿಸಿದರು. ಇದನ್ನು 2020ರಲ್ಲಿ ವ್ಯಾಟಿಕನ್ನಿನ ವರದಿಯೇ ಬಯಲಿಗೆ ತಂದಿತು. ಅಷ್ಟರಲ್ಲಿ ಪೋಪರು 2005ರಲ್ಲಿ ನಿಧನರಾಗಿ, 2014ರಲ್ಲಿ ಸಂತರೆಂದು ಘೋಷಿತರಾಗಿದ್ದರು.

ಪೂರ್ವಜರ ತಪ್ಪಿಗೆ ಕ್ಷಮೆ ಬೇಡುವುದು ಸಣ್ಣ ಮಾತಲ್ಲ. ಆದರೆ ಕಣ್ಣೆದುರಿನ ಆಪ್ತರ ಮೇಲೆ ಬಂದ ದೂರನ್ನು ನಿಷ್ಪಕ್ಷವಾಗಿ ವಿಚಾರಿಸುವುದು ಅದಕ್ಕಿಂತ ಕಠಿಣ. ಕ್ಷಮಾವಾಣಿಯಂದು ಪರಸ್ಪರ ಕೈಮುಗಿಯುವ ಶ್ರಾವಕರೂ, ಬಸದಿ-ಮಂದಿರಗಳ ಆಡಳಿತ ಹೊತ್ತ ವಿಶ್ವಸ್ತರೂ ಈ ಜೀವನದ ಎರಡೂ ಮುಖಗಳನ್ನು ಮನನ ಮಾಡುವುದು ಯೋಗ್ಯ.